ಅಗಲ ಪಾದಕ್ಕೆ ಟ್ರೇಲ್ ಶೂ: ಸೈಜ್ ಏರಿಸಿದರೂ ಕಿರುಬೆರಳು ಒತ್ತುತ್ತೆ, ಇಳಿಜಾರಲ್ಲಿ ಪಾದ ಜಾರುತ್ತೆ

ಆಲ್ದೂರು_ಹಾದಿ

ನಮಸ್ಕಾರ. ಟ್ರೇಲ್ ಓಟಕ್ಕೆ, ಅಂದ್ರೆ ಗುಡ್ಡ, ಮಣ್ಣು ದಾರಿಯ ಓಟಕ್ಕೆ, ಹೊಸ ಶೂ ತಗೋಬೇಕು, ತಿಳಿದವರ ಸಲಹೆ ಬೇಕಿತ್ತು. ವಿವರ ಇಷ್ಟು.

ಪಾದದ ಉದ್ದ ಬಲ 262 ಮಿ.ಮೀ., ಎಡ 260. ಬೆರಳುಗಳ ಬುಡದ ಹತ್ತಿರ ಅಗಲ ಎರಡೂ 107. ಹಿಮ್ಮಡಿ ಮಾತ್ರ ಸಣ್ಣದು. ಈಗ ಇರೋದು ಗಂಡಸರ ಯುಕೆ 9, ಸಾಮಾನ್ಯ ಅಗಲದ್ದು. ಯುಕೆ 8 ಪಕ್ಕದಲ್ಲಿ ಒತ್ತುತ್ತೆ ಅಂದಿದ್ದಕ್ಕೆ ಅಂಗಡಿಯವರು ಒಂದು ಸೈಜ್ ಏರಿಸಿ ಕೊಟ್ಟರು.

ತೊಂದರೆಗಳು: ನಾಲ್ಕನೇ ಬೆರಳು ಮತ್ತು ಕಿರುಬೆರಳಿನ ನಡುವೆ ಬೊಬ್ಬೆ, ಇಳಿಜಾರಲ್ಲಿ ಹಿಮ್ಮಡಿ ಮೇಲೇಳುತ್ತೆ, ಹೆಬ್ಬೆರಳಿನ ಉಗುರು ಕಪ್ಪಾಗುತ್ತೆ, ಕಿರುಬೆರಳಿನ ಪಕ್ಕದ ಜಾಲರಿ ಬಟ್ಟೆ ಆಗಲೇ ಹರಿಯಕ್ಕೆ ಶುರು.

ಓಡೋ ಜಾಗ ಮೂರು ಥರ. ವಾರದ ದಿನ ತೋಟದ ಗಾಡಿ ರಸ್ತೆ, ಕೆಮ್ಮಣ್ಣು, ಅಲ್ಲಲ್ಲಿ ಟಾರು. ರಜೆಯಲ್ಲಿ ಸರ್ಪದಾರಿಯಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲು. ಕೆಲವೊಮ್ಮೆ ಮೂಡಿಗೆರೆ, ಸಕಲೇಶಪುರ ಕಡೆ ಬಂಡೆ ಇರೋ ಗುಡ್ಡಗಳು. ಮಳೆಗಾಲದಲ್ಲೂ ನಿಲ್ಲಿಸಲ್ಲ. ಮುಂದೆ ತೋಟದ ದಾರಿಯ 50 ಕಿ.ಮೀ. ರೇಸ್ ಓಡೋ ಯೋಚನೆ ಇದೆ.

ಕೇಳಬೇಕಾಗಿದ್ದು: ಇನ್ನೂ ಅರ್ಧ ಸೈಜ್ ಏರಿಸಲಾ, ಅಥವಾ 'ವೈಡ್' ಅಂತ ಬರೋದನ್ನೇ ಹುಡುಕಲಾ? ಝೀರೋ ಡ್ರಾಪ್ (ಹಿಮ್ಮಡಿ, ಮುಂಗಾಲು ಎರಡೂ ಒಂದೇ ಎತ್ತರದಲ್ಲಿರೋ) ಶೂಗಳೇ ಅಗಲ ಪಾದಕ್ಕೆ ಸರಿ ಅಂತಾರೆ, ನಿಜವಾ?

---

ಅಂಗಾಲು

ಸೈಜ್ ಏರಿಸಬೇಡಿ, ಇಳಿಸಿ. ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ಗಂಡಸರ ಯುಕೆ 8, ಯುಎಸ್ 9, ಲೇಬಲ್ ಮೇಲಿನ 27 ಸೆಂ.ಮೀ. ಮೂರೂ ಒಂದೇ. ಯುಕೆ 9 ಅಂದ್ರೆ 28. ನಿಮ್ಮ ದೊಡ್ಡ ಪಾದವೇ 26.2, ಅಂದ್ರೆ ಲೇಬಲ್ ಲೆಕ್ಕದಲ್ಲೇ 18 ಮಿ.ಮೀ. ಹೆಚ್ಚಾಯ್ತು. ಟ್ರೇಲ್‌ಗೆ ಬೆರಳ ಮುಂದೆ 10ರಿಂದ 12 ಮಿ.ಮೀ. ಇದ್ರೆ ಸಾಕು. ನಿಮ್ಮದು 8 ಅಥವಾ 8.5.

ಉದ್ದ ಏರಿಸಿ ಅಗಲ ಗಳಿಸೋದು ಯಾಕೆ ನಷ್ಟದ ವ್ಯಾಪಾರ ಅಂದ್ರೆ, ಒಂದು ಪೂರ್ತಿ ಸೈಜ್ ಏರಿಸಿದಾಗ ಶೂ ಉದ್ದ ಸುಮಾರು 8.5 ಮಿ.ಮೀ. ಬೆಳೆಯುತ್ತೆ, ತಳದ ಅಗಲ ಬೆಳೆಯೋದು ಹೆಚ್ಚೂಕಮ್ಮಿ 2 ಮಿ.ಮೀ. ಮಾತ್ರ. ಜೊತೆಗೆ ಶೂನ ಅತಿ ಅಗಲವಾದ ಜಾಗ ನಿಮ್ಮ ಬೆರಳ ಗಿಣ್ಣಿಗಿಂತ ಮುಂದಕ್ಕೆ ಹೋಗುತ್ತೆ. ಪಾದ ಮಡಚೋ ಜಾಗ ಒಂದು ಕಡೆ, ಸೋಲ್ ಮಡಚೋ ಜಾಗ ಇನ್ನೊಂದು ಕಡೆ. ಮುಂದಿನ ತುದಿ ಉದ್ದವಾಗಿರೋದ್ರಿಂದ ಕಲ್ಲಿಗೆ, ಬೇರಿಗೆ ಎಡವೋದೂ ಜಾಸ್ತಿ.

ಇಷ್ಟು ಜಾಗ ಇದ್ದೂ ಉಗುರು ಯಾಕೆ ಕಪ್ಪಾಗುತ್ತೆ ಅಂತ ಅನ್ನಿಸಬಹುದು. ಹಿಮ್ಮಡಿ ಹಿಡಿತ ಇಲ್ಲದೆ ಇಡೀ ಪಾದ ಇಳಿಜಾರಲ್ಲಿ ಮುಂದಕ್ಕೆ ಜಾರುತ್ತೆ. ಶೂ ಮುಂದೆ ಹೋದಂಗೆ ಕಿರಿದಾಗುತ್ತಲ್ಲ, ಆ ಕಿರಿದಾದ ಜಾಗದಲ್ಲಿ ಬೆರಳುಗಳು ಬೆಣೆ ಹೊಡೆದಂಗೆ ಸಿಕ್ಕಿಕೊಳ್ಳುತ್ತೆ. ಕಿರುಬೆರಳು ನಾಲ್ಕನೆಯದರ ಕೆಳಗೆ ತೂರುತ್ತೆ, ಅಲ್ಲೇ ಬೊಬ್ಬೆ. ಹೆಬ್ಬೆರಳು ಮುಂದಿನ ಗೋಡೆಗೋ ಮೇಲಿನ ಬಟ್ಟೆಗೋ ಪ್ರತಿ ಹೆಜ್ಜೆಗೂ ಬಡಿಯುತ್ತೆ, ಅದೇ ಕಪ್ಪು ಉಗುರು. ನೀವು ಬರೆದ ನಾಲ್ಕು ತೊಂದರೆಗೂ ಮೂಲ ಒಂದೇ.

ಈಗ 'ಅಗಲ' ಅನ್ನೋದನ್ನ ಬಿಡಿಸಿ ನೋಡಿ. ಕೆಲವರಿಗೆ ಬೆರಳುಗಳು ಬೀಸಣಿಗೆ ಥರ ಹರಡಿರುತ್ತೆ, ಗಿಣ್ಣಿನ ಹತ್ತಿರ ಅಷ್ಟು ಅಗಲ ಇರಲ್ಲ. ಅವರಿಗೆ ಮುಂಭಾಗ ದುಂಡಗಿರೋ ಶೂ ಸಾಮಾನ್ಯ ಅಗಲದಲ್ಲೇ ಸಾಕು. ಕೆಲವರಿಗೆ ಗಿಣ್ಣಿನ ಜಾಗವೇ ಅಗಲ, ಅವರಿಗೆ ನಿಜವಾದ 2ಇ, ಅಂದ್ರೆ ಗಂಡಸರ ಅಗಲದ ಅಳತೆಯದ್ದೇ ಬೇಕು. ಇನ್ನು ಕೆಲವರಿಗೆ ಅಗಲ ಸಾಧಾರಣ, ಪಾದದ ಮೇಲ್ಭಾಗ ಎತ್ತರ. ಲೇಸ್ ಬಿಗಿದ ಕೂಡಲೇ ಜೋಮು ಹಿಡಿಯುತ್ತೆ, ಅದನ್ನೇ ಅಗಲ ಅಂದ್ಕೊಂಡು ಶೂ ಬದಲಾಯಿಸ್ತಾ ಇರ್ತಾರೆ. ಅದಕ್ಕೆ ಲೇಸ್ ಕಟ್ಟೋ ಕ್ರಮ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತೆ.

ನಿಮ್ಮದು ಯಾವುದು ಅಂತ ತಿಳಿಯಕ್ಕೆ: ಈಗಿನ ಶೂ ಒಳಗಿನ ಇನ್‌ಸೋಲ್ ತೆಗೆದು ನೆಲಕ್ಕಿಡಿ. ಸಂಜೆ, ಓಡಾಡಿ ಪಾದ ಸ್ವಲ್ಪ ಊದಿರೋ ಹೊತ್ತಲ್ಲಿ, ಓಟದ ಕಾಲುಚೀಲ ಹಾಕಿಕೊಂಡು ಅದರ ಮೇಲೆ ನಿಲ್ಲಿ. ಹಿಮ್ಮಡಿ ಅದರ ಕುಣಿಯಲ್ಲಿ ಸರಿಯಾಗಿ ಕೂತಿರಲಿ, ಇಡೀ ಭಾರ ಒಂದೇ ಕಾಲ ಮೇಲೆ ಇರಲಿ. ಪಾದ ಎಲ್ಲಿ ಹೊರಗೆ ಚಾಚುತ್ತೆ ನೋಡಿ. ಗಿಣ್ಣಿನ ಹತ್ತಿರ ಒಂದೊಂದು ಪಕ್ಕಕ್ಕೆ 2 ಮಿ.ಮೀ. ಒಳಗಾದ್ರೆ ಮೇಲಿನ ಬಟ್ಟೆ ತಡ್ಕೊಳ್ಳುತ್ತೆ. ಅದಕ್ಕಿಂತ ಹೆಚ್ಚಾದ್ರೆ ಪಾದ ಸೋಲ್‌ನಿಂದಲೇ ಹೊರಗಿದೆ ಅಂತ ಅರ್ಥ. ಬಟ್ಟೆ ಹರಿಯೋದೂ ಅಲ್ಲೇ, ಕಲ್ಲಿನ ಮೇಲೆ ಕಾಲು ಉಳುಕೋದೂ ಅದರಿಂದಲೇ. ಗಿಣ್ಣು ಒಳಗಿದ್ದು ಬರೀ ಕಿರುಬೆರಳು ಹೊರಗೆ ಬಂದ್ರೆ ಶೂ ಆಕಾರದ ಸಮಸ್ಯೆ, ಅಗಲದ್ದಲ್ಲ.

107ನ್ನ 262ರಿಂದ ಭಾಗಿಸಿದರೆ 0.41. 0.38ರ ಆಸುಪಾಸು ಸಾಧಾರಣ ಪಾದ ಅಂತ ಇಟ್ಕೊಂಡ್ರೆ ನಿಮ್ಮದು ನಿಜಕ್ಕೂ ಅಗಲ. ಆದರೂ ಇನ್‌ಸೋಲ್ ಪರೀಕ್ಷೆ ಮಾಡಿ ಬರೆಯಿರಿ.

ಅಂದ ಹಾಗೆ, ಇದು ನಿಮ್ಮೊಬ್ಬರ ಪಾಡಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಉದ್ದಗಲಕ್ಕೂ ಪಾದಗಳನ್ನ ಅಳೆದು, ನಮ್ಮ ಪಾದಗಳು ಯುರೋಪ್, ಅಮೆರಿಕದವರದ್ದಕ್ಕಿಂತ ಅಗಲ ಅಂತಲೇ ಹೇಳಿದೆ. ಶೂ ಅಚ್ಚುಗಳು ಮಾತ್ರ ಇನ್ನೂ ಅವರದ್ದೇ.

---

ಗಿರಿಸಾಲು

ಅಳತೆ ವಿಷಯ ಮೇಲೆ ಸರಿಯಾಗಿ ಹೇಳಿದ್ದಾರೆ, ನಾನು ನೆಲದ ಬಗ್ಗೆ ಹೇಳ್ತೀನಿ. ಇದನ್ನ ಬಿಟ್ಟು ಬರೀ ಅಗಲ ನೋಡಿ ತಗೊಂಡರೆ ಆರಾಮದ ಶೂ ಸಿಗುತ್ತೆ, ಆದರೆ ಬಂಡೆ ಮೇಲೆ ಜಾರುತ್ತೆ.

ನೀವು ಬರೆದ ಮೂರು ಜಾಗಕ್ಕೂ ಬೇಕಾದ ಸೋಲ್ ಬೇರೆ ಬೇರೆ. ಬಾಬಾಬುಡನ್ ಸಾಲು ಕಬ್ಬಿಣದ ಅದಿರಿನ ಪದರಗಲ್ಲು. ಒಡೆದರೆ ಅಂಚು ಚೂಪು, ಹುಲ್ಲಿನ ನಡುವೆ ಕಾಣದ ಹಾಗೆ ಕೂತಿರುತ್ತೆ. ಅಲ್ಲಿ ಅಂಗಾಲಿಗೆ ರಕ್ಷಣೆ ಮುಖ್ಯ: ಸೋಲ್ ಒಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ, ರಾಕ್ ಪ್ಲೇಟ್ ಅಂತಾರಲ್ಲ, ಅದು ಇರಬೇಕು; ಇಲ್ಲಾಂದ್ರೆ ಸೋಲ್ ದಪ್ಪವಾದರೂ ಇರಬೇಕು. ಮುಂದೆ ಹೆಬ್ಬೆರಳಿಗೆ ಗಟ್ಟಿ ರಬ್ಬರ್ ಗೋಡೆ ಬೇಕೇ ಬೇಕು. ಪರೀಕ್ಷೆ ಸುಲಭ: ಶೂ ತಿರುವಿ ಮುಂಭಾಗದ ತಳವನ್ನ ಒಂದು ಕೈಯ ಹೆಬ್ಬೆರಳಲ್ಲಿ ಜೋರಾಗಿ ಒತ್ತಿ, ಇನ್ನೊಂದು ಕೈ ಒಳಗಿಟ್ಟು ನೋಡಿ. ಒತ್ತಿದ್ದು ಒಳಗೆ ಚುಚ್ಚಿದ ಹಾಗೆ ಗೊತ್ತಾದ್ರೆ ಗಿರಿಗೆ ಬೇಡ.

ಸಕಲೇಶಪುರದ ಕಡೆ, ಜೇನುಕಲ್ಲು ಗುಡ್ಡ, ಪಾಂಡವರ ಗುಡ್ಡದ ಥರದ ಜಾಗಗಳಲ್ಲಿ ನುಣುಪಾದ ಬಂಡೆ ಹಾಸು. ಒದ್ದೆ ಬಂಡೆ ಮೇಲೆ ಸೋಲ್‌ನ ಹಲ್ಲು ಎಷ್ಟು ಉದ್ದ ಅನ್ನೋದು ಕೆಲಸಕ್ಕೆ ಬರಲ್ಲ. ಹಲ್ಲು ಉದ್ದ ಇದ್ದಷ್ಟೂ ಬಂಡೆಗೆ ತಾಗೋ ರಬ್ಬರ್ ಕಡಿಮೆ, ಮೇಲಾಗಿ ಹಲ್ಲುಗಳು ಭಾರಕ್ಕೆ ಬಾಗ್ತವೆ. ಅಲ್ಲಿ ಹಿಡಿಯೋದು ಮೆದು, ಅಂಟು ರಬ್ಬರ್. ವಿಬ್ರಾಂ ಅನ್ನೋ ಸೋಲ್ ಕಂಪನಿಯ ಮೆಗಾಗ್ರಿಪ್ ಇದರಲ್ಲಿ ಹೆಸರು ಮಾಡಿರೋದು. ಸೋಲ್ ಮೇಲಿನ ಹಳದಿ ಎಂಟು ಮೂಲೆ ಗುರುತು ನೋಡಿಯೇ ಖುಷಿಪಡಬೇಡಿ, ವಿಬ್ರಾಂ ಹೆಸರಲ್ಲಿ ಹಲವು ಥರದ ರಬ್ಬರ್ ಬರುತ್ತೆ. 'ಮೆಗಾಗ್ರಿಪ್' ಅಂತ ಬರೆದಿದೆಯಾ ನೋಡಿ. ಹಾವಸೆ ಕಟ್ಟಿದ ಕಪ್ಪು ಬಂಡೆ, ತೊರೆ ಪಕ್ಕದ ಪಾಚಿ ಕಲ್ಲು, ಇವಕ್ಕೆ ಯಾವ ರಬ್ಬರ್ರೂ ಇಲ್ಲ. ಅಲ್ಲಿ ನಡೀರಿ, ಕೂತು ಇಳೀರಿ.

ಮೂರನೆಯದು ತೋಟದ ಕೆಮ್ಮಣ್ಣು. ಬೇಸಿಗೆಯಲ್ಲಿ 3–4 ಮಿ.ಮೀ. ಹಲ್ಲು ಧಾರಾಳ. ಮಳೆ ಹಿಡಿದ ಮೇಲೆ ಮಣ್ಣು ಅಂಟಾಗಿ ಸೋಲ್‌ಗೆ ಮೆತ್ತಿಕೊಂಡು ಹಲ್ಲೇ ಇಲ್ಲದ ಹಾಗೆ ಆಗುತ್ತೆ. ಆಗ 5ರಿಂದ 6 ಮಿ.ಮೀ. ಬೇಕು, ಅದಕ್ಕಿಂತ ಮುಖ್ಯವಾಗಿ ಹಲ್ಲುಗಳ ನಡುವೆ ಅಂತರ ಬೇಕು. ಕಿರುಬೆರಳು ತೂರುವಷ್ಟು ಸಂದು ಇದ್ದರೆ ಕಾಲು ಒದರಿದಾಗ ಮಣ್ಣು ಬೀಳುತ್ತೆ. ಒತ್ತೊತ್ತಾಗಿ 5 ಮಿ.ಮೀ. ಇದ್ದು ಪ್ರಯೋಜನ ಇಲ್ಲ. 8 ಮಿ.ಮೀ. ಹಲ್ಲಿನ ಇನೋವ್-8 ಮಡ್‌ಕ್ಲಾ ಥರದ್ದು ಕೆಸರುಗದ್ದೆಗೆ ಸೈ. ನಿಮ್ಮ ದಾರಿಯಲ್ಲಿ ಟಾರು, ಬಂಡೆ ಎರಡೂ ಇರೋದ್ರಿಂದ ಬೇಗ ಸವೆಯುತ್ತೆ, ಕಾಲೂ ತೊನೆಯುತ್ತೆ.

ಒಂದೇ ಜೊತೆಯಲ್ಲಿ ಮೂರನ್ನೂ ನಿಭಾಯಿಸಬೇಕು ಅಂದ್ರೆ: ಅಂಟು ರಬ್ಬರ್, 4.5–5 ಮಿ.ಮೀ. ಹಲ್ಲು, ಹಲ್ಲಿನ ನಡುವೆ ಅಂತರ, ಮಧ್ಯಮ ದಪ್ಪದ ಸೋಲ್. ಅಂಟು ರಬ್ಬರ್ ಟಾರಲ್ಲಿ ಬೇಗ ಸವೆಯುತ್ತೆ, ಆದ್ದರಿಂದ ಆಲ್ದೂರು ಪೇಟೆ ದಾಟೋ ಟಾರು ದಾರಿಗೆ ಹಳೇ ರೋಡ್ ಶೂ ಇದ್ರೆ ಅದನ್ನೇ ಹಾಕ್ಕೊಳ್ಳಿ.

ಅಗಲ ಪಾದದವರು ಶೂ ಅಡಿಯನ್ನೂ ನೋಡಬೇಕು, ಇದನ್ನ ಯಾರೂ ನೋಡಲ್ಲ. ಮೇಲಿನ ಬಟ್ಟೆ ಸಡಿಲ ಇದ್ದು ಒಳಗೆ ಅಗಲ ಅನ್ನಿಸಬಹುದು, ಆದರೆ ತಳ ಕಿರಿದಾಗಿದ್ರೆ ಪಾದದ ಅಂಚು ಸೋಲ್‌ನಿಂದ ಆಚೆ ಜೋತಾಡುತ್ತೆ. ಗಿರಿಸಾಲಿನ ಓರೆ ಹುಲ್ಲಿನ ದಾರಿಯಲ್ಲಿ ಕಾಲು ಹೊರಳೋದು ಹೀಗೆ. ತುಂಬ ದಪ್ಪ ಸೋಲ್ ಆದ್ರೆ ಇನ್ನೂ ಕೆಟ್ಟದ್ದು, ಹೊರಳೋ ಎತ್ತರ ಜಾಸ್ತಿ. ಗಿಣ್ಣಿನ ಹತ್ತಿರ ತಳದ ಅಗಲ ನಿಮ್ಮ 107ಕ್ಕಿಂತ ಕಡಿಮೆ ಇರೋ ಶೂ ಮುಟ್ಟಲೇಬೇಡಿ. ಅಂಗಡಿಗೆ ಒಂದು ಟೇಪು ತಗೊಂಡು ಹೋಗಿ, ನಕ್ಕರೆ ನಗಲಿ.

---

ಮೆಲ್ಲೋಟ

ಮಾದರಿಗಳ ಹೆಸರು ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಆವೃತ್ತಿ ಬದಲಾದಾಗ ಅಚ್ಚೂ ಬದಲಾಗುತ್ತೆ. ಹಿಂದಿನದು ಸರಿ ಇತ್ತು ಅಂತ ಹೊಸದನ್ನ ಕಣ್ಣು ಮುಚ್ಚಿ ತರಿಸಬೇಡಿ.

ಮೊದಲು ಅಕ್ಷರಗಳು. ಗಂಡಸರಲ್ಲಿ ಡಿ ಸಾಮಾನ್ಯ, 2ಇ ಅಗಲ, 4ಇ ಅತಿ ಅಗಲ. ಹೆಂಗಸರಲ್ಲಿ ಬಿ ಸಾಮಾನ್ಯ, ಡಿ ಅಗಲ, 2ಇ ಅತಿ ಅಗಲ. ಪೆಟ್ಟಿಗೆ ಮೇಲೋ ನಾಲಿಗೆ ಒಳಗಿನ ಲೇಬಲ್ ಮೇಲೋ ಇದು ಇರುತ್ತೆ. ಏನೂ ಇಲ್ಲ ಅಂದ್ರೆ ಸಾಮಾನ್ಯ ಅಗಲ ಅಂತಲೇ ಲೆಕ್ಕ.

ಹೋಕಾ ಸ್ಪೀಡ್‌ಗೋಟ್: ಮೆಗಾಗ್ರಿಪ್ ರಬ್ಬರ್, 5 ಮಿ.ಮೀ. ಹಲ್ಲು. ಸಾಮಾನ್ಯ ಅಗಲದ್ದು ಮುಂಭಾಗದಲ್ಲಿ ಕಿರಿದು, ನಿಮಗೆ ಖಂಡಿತ ಆಗಲ್ಲ. 2ಇ ಬರುತ್ತೆ, ಅದನ್ನ ನೋಡಬಹುದು. ಗಿರಿಸಾಲು ಅವರು ಹೇಳಿದ ಮೂರೂ ನೆಲಕ್ಕೆ ನನ್ನ ಲೆಕ್ಕದಲ್ಲಿ ಇದೇ ಹತ್ತಿರ. ಸೋಲ್ ದಪ್ಪ, ಆದರೆ ತಳ ಅಗಲ ಇರೋದ್ರಿಂದ ಅಷ್ಟು ಹೊರಳಲ್ಲ.

ನ್ಯೂ ಬ್ಯಾಲೆನ್ಸ್ ಹೈಯೆರೋ: 2ಇ ಸಿಗುತ್ತೆ, ವಿಬ್ರಾಂ ಸೋಲ್. ಉದ್ದ ಓಟಕ್ಕೆ ಮೆತ್ತಗೆ. ಚೂಪು ಕಲ್ಲಿನ ಮೇಲೆ ಕಾಲು ಎಲ್ಲಿ ಬಿತ್ತು ಅಂತ ಗೊತ್ತಾಗಲ್ಲ, ಆ ಮಂದತನ ನನಗೆ ಹಿಡಿಸಲ್ಲ. ತೋಟದ 50 ಕಿ.ಮೀ.ಗೆ ಒಳ್ಳೇದೇ.

ಸಾಕನಿ ಪೆರೆಗ್ರಿನ್: 4 ಮಿ.ಮೀ. ಡ್ರಾಪ್, 5 ಮಿ.ಮೀ. ಹಲ್ಲು, ಕೆಸರಿಗೆ ಚೆನ್ನ. ವೈಡ್ ಇದೆ. ಒದ್ದೆ ಬಂಡೆಗೆ ಮೆಗಾಗ್ರಿಪ್‌ನಷ್ಟು ನೆಚ್ಚಿಕೊಳ್ಳಕ್ಕಾಗಲ್ಲ.

ಬ್ರೂಕ್ಸ್ ಕ್ಯಾಸ್ಕೇಡಿಯಾ: 2ಇ ಇದೆ, ಅಂಗಾಲಿಗೆ ರಕ್ಷಣೆ ಚೆನ್ನಾಗಿದೆ, ಸ್ವಲ್ಪ ಭಾರ. ರೋಡ್ ಶೂನಿಂದ ಬರೋರಿಗೆ ಹೊಂದಿಕೊಳ್ಳೋದು ಸುಲಭ.

ಆಲ್ಟ್ರಾ ಲೋನ್ ಪೀಕ್: ಬೆರಳ ಜಾಗ ಪಾದದ ಆಕಾರದಲ್ಲೇ ಇರುತ್ತೆ, ಝೀರೋ ಡ್ರಾಪ್, ಸೋಲ್ ದಪ್ಪ 25 ಮಿ.ಮೀ. ಆಲ್ಟ್ರಾ ಒರಿಜಿನಲ್, ಸ್ಟ್ಯಾಂಡರ್ಡ್, ಸ್ಲಿಮ್ ಅಂತ ಮೂರು ಅಚ್ಚು ಮಾಡುತ್ತೆ. ಒರಿಜಿನಲ್ ಮಾತ್ರ ನಿಮಗೆ. ಆಲ್ಟ್ರಾ ಅಂದ ಮಾತ್ರಕ್ಕೆ ಎಲ್ಲಾ ಅಗಲ ಅಂದ್ಕೋಬೇಡಿ.

ಟೋಪೋ ಅಲ್ಟ್ರಾವೆಂಚರ್: ಬೆರಳಿಗೆ ಜಾಗ ಧಾರಾಳ, ನಡುಪಾದ ಮತ್ತು ಹಿಮ್ಮಡಿ ಬಿಗಿ, 5 ಮಿ.ಮೀ. ಡ್ರಾಪ್. ಸಣ್ಣ ಹಿಮ್ಮಡಿ ಇರೋರಿಗೆ ಹೇಳಿ ಮಾಡಿಸಿದ ಆಕಾರ. ಆದರೆ ಅಗಲ ಗಿಣ್ಣಿನ ಹತ್ತಿರ ಇದ್ದರೆ ಒತ್ತಬಹುದು. ಅದಕ್ಕೇ ಅಂಗಾಲು ಅವರ ಪರೀಕ್ಷೆ ಮೊದಲು ಮಾಡಿ.

ಸಾಲೊಮನ್ ಸ್ಪೀಡ್‌ಕ್ರಾಸ್ ಅಂಗಡಿಯಲ್ಲಿ ಮೊದಲು ಕೈಗೆ ಕೊಡ್ತಾರೆ. ಕೆಸರಲ್ಲಿ ಚೆನ್ನಾಗಿ ಹಿಡಿಯುತ್ತೆ, ಆದರೆ ಸಾಮಾನ್ಯ ಅಗಲದ್ದು ಕಿರಿದು, ಹಿಮ್ಮಡಿ ಎತ್ತರ, ಬಂಡೆ ಮೇಲೆ ಹಲ್ಲು ಬಾಗುತ್ತೆ. ನಿಮಗೆ ಬೇಡ. ಇನೋವ್-8ನವರು ಅಗಲಕ್ಕೆ 1ರಿಂದ 5ರವರೆಗೆ ಅಂಕ ಕೊಡ್ತಾರೆ, 5 ಅತಿ ಅಗಲ. 4 ಅಥವಾ 5 ಇದ್ರೆ ಮಾತ್ರ ನೋಡಿ.

ಅಂಗಡಿಗಳಲ್ಲಿ 2ಇ ಇಡೋದು ಅಪರೂಪ. ಬೆಂಗಳೂರಿಗೆ ಬಸ್ ಹತ್ತೋ ಮುಂಚೆ ಫೋನ್ ಮಾಡಿ ಮಾದರಿ, ಸೈಜ್, '2ಇ ಇದೆಯಾ' ಅಂತ ಮೂರನ್ನೂ ಕೇಳಿ. 'ವೈಡ್ ಇದೆ ಬನ್ನಿ' ಅಂದ್ರೆ ಸಾಲದು, ಲೇಬಲ್ ಫೋಟೋ ಕಳಿಸಕ್ಕೆ ಹೇಳಿ. ಆನ್‌ಲೈನ್ ಆದ್ರೆ ಹಿಂದಿರುಗಿಸೋ ಅವಕಾಶ ಇರೋದನ್ನೇ ತಗೊಂಡು, ಮನೆ ಒಳಗೆ ಮಾತ್ರ ಹಾಕಿ ನೋಡಿ.

---

ಅಂಗಾಲು

ಝೀರೋ ಡ್ರಾಪ್ ಪ್ರಶ್ನೆ ಉಳೀತು. ಡ್ರಾಪ್ ಅಂದ್ರೆ ಹಿಮ್ಮಡಿಯ ಎತ್ತರಕ್ಕೂ ಮುಂಗಾಲಿನ ಎತ್ತರಕ್ಕೂ ಇರೋ ವ್ಯತ್ಯಾಸ, ಅಷ್ಟೇ. ಅದಕ್ಕೂ ಅಗಲಕ್ಕೂ ಸಂಬಂಧ ಇಲ್ಲ. ಅಗಲ ಬೆರಳಜಾಗದ ಶೂಗಳನ್ನ ಹೆಸರಿಗೆ ತಂದ ಬ್ರ್ಯಾಂಡ್ ಝೀರೋ ಡ್ರಾಪ್ ಕೂಡ ಮಾಡಿದ್ದರಿಂದ ಎರಡೂ ಗಂಟುಬಿದ್ದು ಈ ನಂಬಿಕೆ ಬಂತು.

ಈಗ 8–10 ಮಿ.ಮೀ. ಡ್ರಾಪ್‌ನಲ್ಲಿ ಓಡ್ತಾ ಇದ್ದು ನೇರ ಸೊನ್ನೆಗೆ ಇಳಿದರೆ ಮೀನಖಂಡಕ್ಕೂ ಹಿಮ್ಮಡಿ ಮೇಲಿನ ದಪ್ಪ ಸ್ನಾಯುರಜ್ಜಿಗೂ ಭಾರ ಬೀಳುತ್ತೆ. ಸರ್ಪದಾರಿಯ ಏರಲ್ಲಿ ಅದು ಇನ್ನೂ ಹೆಚ್ಚು, ಏರೇ ಹಿಮ್ಮಡಿಯನ್ನ ಕೆಳಕ್ಕೆಳೆಯುತ್ತಲ್ಲ. ಝೀರೋ ಡ್ರಾಪ್ ಬೇಕೇ ಬೇಕು ಅಂದ್ರೆ ಮೊದಲು ಮನೆಯಲ್ಲಿ, ನಡಿಗೆಯಲ್ಲಿ ಹಾಕಿ; ಆಮೇಲೆ ವಾರದ ಒಂದು ಸಣ್ಣ ಸಮತಟ್ಟು ಓಟ; ಪೂರ್ತಿ ಬದಲಾಗಕ್ಕೆ ಆರರಿಂದ ಎಂಟು ವಾರ ಇಟ್ಕೊಳ್ಳಿ. ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಹಿಮ್ಮಡಿ ಮೇಲೆ ಬಿಗಿತ ಕಂಡರೆ ಹಿಂದಕ್ಕೆ ಸರೀರಿ. ರೇಸ್ ಹತ್ತಿರ ಇದ್ದಾಗ ಈ ಪ್ರಯೋಗ ಬೇಡವೇ ಬೇಡ. 4–5 ಮಿ.ಮೀ. ಡ್ರಾಪ್ ನಿಮಗೆ ಮಧ್ಯದ ದಾರಿ.

ಸಣ್ಣ ಹಿಮ್ಮಡಿ, ಅಗಲ ಮುಂಗಾಲು ಇರೋರಿಗೆ 2ಇ ಹಾಕಿದ ಮೇಲೂ ಹಿಮ್ಮಡಿ ಸಡಿಲ ಅನ್ನಿಸೋದು ಸಹಜ. ಲೇಸ್‌ನಿಂದ ಸರಿಮಾಡಿ. ಕೆಳಗಿನ, ಅಂದ್ರೆ ಬೆರಳ ಕಡೆಯ ಮೊದಲ ಜೊತೆ ತೂತು ಖಾಲಿ ಬಿಟ್ಟು ಎರಡನೆಯದರಿಂದ ಶುರುಮಾಡಿ, ಮುಂಭಾಗ ಬಿಚ್ಚಿಕೊಳ್ಳುತ್ತೆ. ನಡುವೆ ಎಂದಿನಂತೆ ಅಡ್ಡಡ್ಡ. ಕಣಕಾಲ ಹತ್ತಿರ ಕೊನೆಯಲ್ಲಿ ಒಂದು ಹೆಚ್ಚುವರಿ ತೂತು ಇರುತ್ತಲ್ಲ, ಬಹಳ ಜನ ಅದನ್ನ ಬಳಸೋದೇ ಇಲ್ಲ. ಲೇಸನ್ನ ಅದೇ ಪಕ್ಕದ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ, ಸಣ್ಣ ಕುಣಿಕೆ ಉಳಿಸಿ. ಎರಡೂ ಪಕ್ಕ ಹೀಗೆ ಮಾಡಿ. ಆಮೇಲೆ ಎಡದ ಲೇಸ್ ಬಲದ ಕುಣಿಕೆಗೆ, ಬಲದ್ದು ಎಡದ ಕುಣಿಕೆಗೆ. ಎಳೀವಾಗ ಮೇಲಕ್ಕಲ್ಲ, ಹಿಮ್ಮಡಿ ಕಡೆಗೆ ಕೆಳಕ್ಕೆ ಎಳೀರಿ, ಆಗ ಹಿಮ್ಮಡಿ ಹಿಂದಕ್ಕೆ ಕೂರುತ್ತೆ. ಗಂಟು ಹಾಕೋ ಮುಂಚೆ ಹಿಮ್ಮಡಿಯನ್ನ ನೆಲಕ್ಕೆ ಒಮ್ಮೆ ಕುಟ್ಟಿ.

ಅಂಗಡಿಯಲ್ಲಿ ಹಾಕಿದ ಮೇಲೆ ಸಮತಟ್ಟು ನೆಲದಲ್ಲಿ ನಾಲ್ಕು ಹೆಜ್ಜೆ ನಡೆದು 'ಆರಾಮ' ಅಂದ್ಬಿಡಬೇಡಿ. ಮೆಟ್ಟಿಲಿಗೆ ಹೋಗಿ. ಜೋರಾಗಿ ಇಳೀರಿ, ಕೊನೆ ಮೆಟ್ಟಿಲಲ್ಲಿ ತಟ್ಟನೆ ನಿಲ್ಲಿ. ಬೆರಳು ಮುಂದೆ ತಾಗಿದ್ರೆ ಮೊದಲು ಲೇಸ್ ಬಿಗಿದು ನೋಡಿ, ಆಮೇಲೂ ತಾಗಿದ್ರೆ ಅರ್ಧ ಸೈಜ್ ಏರಿಸಿ. ಮೆಟ್ಟಿಲ ಅಂಚಲ್ಲಿ ಪಾದದ ಅರ್ಧ ಭಾಗವಷ್ಟೇ ಇಟ್ಟು ಓರೆಯಾಗಿ ನಿಲ್ಲಿ, ಒಳಗೆ ಪಾದ ಪಕ್ಕಕ್ಕೆ ಸರಿಯುತ್ತಾ ನೋಡಿ. ಕಾಲು ಗಂಟೆ ಶೂ ಬಿಚ್ಚಬೇಡಿ, ಜೋಮು ಹಿಡಿಯೋದು ಅಷ್ಟು ಹೊತ್ತಾದ ಮೇಲೇ.

'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಅನ್ನೋದು ಚರ್ಮದ ಕಾಲದ ಮಾತು. ಬಟ್ಟೆ ಮೇಲೆ ಕಾಯಿಸಿ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿಗಳು ಹಿಗ್ಗಲ್ಲ. ಅಂಥ ಪಟ್ಟಿ ನಿಮ್ಮ ಕಿರುಬೆರಳ ಗಿಣ್ಣಿನ ಮೇಲೇ ಹಾದುಹೋಗುತ್ತಿದ್ರೆ ಆ ಶೂ ಬಿಟ್ಟುಬಿಡಿ, ಎಷ್ಟೇ ಅಗಲ ಇರಲಿ.

---

ಸಕಲೇಶಪುರ_ಜಡಿಮಳೆ

ಮಳೆಗಾಲದ್ದು ನಾಲ್ಕು ಮಾತು.

ಗೋರ್-ಟೆಕ್ಸ್ (ಒಳಗೆ ನೀರು ತಡೆಯೋ ಪದರ ಇರೋ) ಶೂ ನಮ್ಮ ಮಳೆಗೆ ಬೇಡ. ನೀರು ಬಟ್ಟೆಯಿಂದ ಒಳಗೆ ಬರಲ್ಲ ನಿಜ, ಕಾಲಿನ ಮೇಲಿಂದ ಇಳಿದು ಬರುತ್ತೆ, ಹುಲ್ಲಿಂದ ಬರುತ್ತೆ, ಹಳ್ಳ ದಾಟುವಾಗ ಬರುತ್ತೆ. ಬಂದದ್ದು ಹೊರಗೆ ಹೋಗಲ್ಲ. ಮೇಲಾಗಿ ಒಳಗಿನ ಪದರದಿಂದ ಜಾಗವೂ ಚೂರು ಕಡಿಮೆ, ಬಟ್ಟೆ ಹಿಗ್ಗೋದೂ ಕಡಿಮೆ. ಅಗಲ ಪಾದದವರಿಗೆ ಎರಡು ಥರ ಏಟು. ತೆಳು ಜಾಲರಿ ಇರೋದೇ ಸರಿ, ನೆನೆಯುತ್ತೆ, ಸೋರುತ್ತೆ, ಒಣಗುತ್ತೆ.

ಕಾಲುಚೀಲ ಹತ್ತಿದ್ದು ಬೇಡ, ನೈಲಾನ್ ಅಥವಾ ಉಣ್ಣೆ ಬೆರೆತದ್ದು ಬೇಕು. ನಿಮ್ಮ ಬೊಬ್ಬೆ ಇರೋ ಜಾಗ ನೋಡಿದ್ರೆ ಐದು ಬೆರಳಿನ ಕಾಲುಚೀಲ ಒಳ್ಳೆ ಮದ್ದು, ಚರ್ಮಕ್ಕೆ ಚರ್ಮ ಉಜ್ಜೋದೇ ನಿಲ್ಲುತ್ತೆ. ಆದರೆ ಪ್ರತಿ ಬೆರಳ ಸಂದಿಗೂ ಎರಡು ಪದರ ಬಟ್ಟೆ ಸೇರೋದ್ರಿಂದ ಮುಂಗಾಲು ಇನ್ನಷ್ಟು ಅಗಲ ಆಗುತ್ತೆ. ಶೂ ನೋಡಕ್ಕೆ ಹೋಗುವಾಗ ಅದನ್ನೇ ಹಾಕ್ಕೊಂಡು ಹೋಗಿ. ಇಂಬಳದ ಚೀಲಕ್ಕೂ ಇದೇ ಮಾತು. ಮೊಣಕಾಲುದ್ದದ ಆ ಬಟ್ಟೆ ಚೀಲ ಶೂ ಒಳಗೇ ಬರಬೇಕು, ಮೇಲೆ ಕಟ್ಟಿದ್ರೆ ಲೇಸ್ ತೂತಿನಿಂದಲೇ ಒಳಗೆ ಹೋಗ್ತವೆ. ಅದರ ಹೊಲಿಗೆ ದಪ್ಪ ಇರುತ್ತೆ, ತಿರುವಿ ಹೊಲಿಗೆ ಹೊರಗೆ ಬರೋ ಹಾಗೆ ಹಾಕ್ಕೊಳ್ಳಿ. ಇಲ್ಲಾಂದ್ರೆ ಇಂಬಳದಿಂದ ತಪ್ಪಿಸಿಕೊಂಡು ಬೊಬ್ಬೆ ತಗೊಂಡಂಗೆ. ಉಪ್ಪು, ಸುಣ್ಣ-ಹೊಗೆಸೊಪ್ಪು ಚೀಲದ ಮೇಲೆ ಹಚ್ಚಿ. ಶೂ ಬಟ್ಟೆಗೆ, ಬರೀ ಚರ್ಮಕ್ಕೆ ಬೇಡ. ಜೋರು ಮಳೆಯಲ್ಲಿ ಮತ್ತೆ ಮತ್ತೆ ಹಚ್ಚಬೇಕಾಗುತ್ತೆ.

ಒಣಗಿಸೋದು. ಬಚ್ಚಲ ಒಲೆ ಪಕ್ಕ ಇಡೋ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆ. ಅಂಟು ಬಿಡುತ್ತೆ ಅನ್ನೋದು ಒಂದು. ಅದಕ್ಕಿಂತ ಮುಖ್ಯ, ಸೋಲ್‌ನ ಫೋಮ್ ಬಿಸಿಗೆ ಕುಗ್ಗುತ್ತೆ. ಕಷ್ಟಪಟ್ಟು ಹುಡುಕಿದ 2ಇ ಒಂದೇ ರಾತ್ರೀಲಿ ಡಿ ಆಗುತ್ತೆ. ಒಳಗೂ ಹೊರಗೂ ಮಣ್ಣು ತೊಳೆದು, ಇನ್‌ಸೋಲ್ ತೆಗೆದು, ನ್ಯೂಸ್‌ಪೇಪರ್ ಮುದ್ದೆ ತುಂಬಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ, ಫ್ಯಾನ್ ಕೆಳಗೆ ಇಡಿ. ಪೇಪರನ್ನ ಮುಂಭಾಗಕ್ಕೆ ಚೆನ್ನಾಗಿ ತುರುಕಿ, ಆಕಾರ ನಿಲ್ಲುತ್ತೆ. ಜುಲೈನಲ್ಲಿ ಒಂದು ದಿನಕ್ಕೆ ಒಣಗಲ್ಲ. ಎರಡು ಜೊತೆ ಇದ್ದರೆ ಅನುಕೂಲ.

ಹಳೇ ಶೂ ಬಿಸಾಡಬೇಡಿ. ಕಿರುಬೆರಳ ಪಕ್ಕದ ಹರಿದ ಜಾಗಕ್ಕೆ ಒಳಗಿನಿಂದ ತೆಳು ನೈಲಾನ್ ಬಟ್ಟೆ ತುಂಡಿಟ್ಟು, ಸೈಕಲ್ ಶಾಪಿನವರು ಪಂಕ್ಚರ್‌ಗೆ ಹಾಕೋ ಸೊಲ್ಯೂಷನ್ ಹಚ್ಚಿ ಅಂಟಿಸಿ. ಹೊಲಿದ್ರೆ ಹೊಲಿಗೆಯೇ ಬೆರಳಿಗೆ ಉಜ್ಜುತ್ತೆ. ತೋಟದ ಮಟ್ಟಿಗೆ ಓಡುತ್ತೆ.

ಇನ್ನೊಂದು, ಶೂಗೆ ಸಂಬಂಧ ಇಲ್ಲ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಬೆಳಗಿನ ಜಾವ ಓಡೋರು ಆನೆ ಎಲ್ಲಿದೆ ಅಂತ ತೋಟದವರನ್ನ ಕೇಳಿಯೇ ಹೊರಡಿ.

---

ಕಾಫಿಹೂ

ನಡುವೆ ಒಂದು ಪ್ರಶ್ನೆ. ಹೆಂಗಸರಲ್ಲಿ ಅಗಲದ ಟ್ರೇಲ್ ಶೂ ಹುಡುಕೋದು ಇನ್ನೂ ಕಷ್ಟ. ಗಂಡಸರದ್ದೇ ತಗೊಂಡ್ರೆ ಆಗುತ್ತಾ? ಪಾದ 243 ಉದ್ದ, 98 ಅಗಲ.

---

ಮೆಲ್ಲೋಟ

ಆಗುತ್ತೆ ಮೇಡಂ. ಗಂಡಸರ ಡಿ ಅಂದ್ರೆ ಹೆಂಗಸರ 'ವೈಡ್' ಹೆಚ್ಚೂಕಮ್ಮಿ ಅದೇ. ಯುಎಸ್ ಅಂಕದಲ್ಲಿ ಹೆಂಗಸರದ್ದಕ್ಕೂ ಗಂಡಸರದ್ದಕ್ಕೂ ಸಾಮಾನ್ಯವಾಗಿ 1.5 ವ್ಯತ್ಯಾಸ: ಹೆಂಗಸರ 8.5 ಇದ್ದರೆ ಗಂಡಸರ 7. ಅಂಕದ ಲೆಕ್ಕ ಗೊಂದಲ ಅನ್ನಿಸಿದ್ರೆ ಲೇಬಲ್ ಮೇಲಿನ ಸೆಂ.ಮೀ. ನೋಡಿ, ನಿಮ್ಮ 24.3ಕ್ಕೆ 25 ಅಥವಾ 25.5. ತೊಂದರೆ ಎರಡು. ಗಂಡಸರ ಅಚ್ಚಲ್ಲಿ ಹಿಮ್ಮಡಿಯೂ ಅಗಲ, ಅದಕ್ಕೆ ಮೇಲೆ ಹೇಳಿರೋ ಕುಣಿಕೆ ಲೇಸ್ ಬೇಕು. ಇನ್ನೊಂದು, ಗಂಡಸರಲ್ಲಿ ಅಷ್ಟು ಚಿಕ್ಕ ಸೈಜ್ ಎಲ್ಲಾ ಮಾದರಿಯಲ್ಲೂ ಬರಲ್ಲ. ಮೊದಲು ಹೆಂಗಸರ ಡಿ ಕೇಳಿ, ಸ್ಪೀಡ್‌ಗೋಟ್, ಹೈಯೆರೋ ಎರಡರಲ್ಲೂ ಇದೆ.

---

ಆಲ್ದೂರು_ಹಾದಿ

ಎಲ್ಲರಿಗೂ ಧನ್ಯವಾದ. ಇನ್‌ಸೋಲ್ ಮೇಲೆ ನಿಂತು ನೋಡಿದೆ. ಹೊರಗಡೆ, ಕಿರುಬೆರಳ ಗಿಣ್ಣಿನ ಹತ್ತಿರ 5 ಮಿ.ಮೀ. ಆಚೆ ಬರುತ್ತೆ. ಹೆಬ್ಬೆರಳ ಕಡೆ ಸಮ. ಹಿಮ್ಮಡಿ ಸುತ್ತ ಖಾಲಿ ಜಾಗ ಕಾಣುತ್ತೆ. ಅಂದ್ರೆ 2ಇ ಅಲ್ವಾ? ಮತ್ತೆ ಒಳಗಿನ ಇನ್‌ಸೋಲ್ ತೆಗೆದು ತೆಳುವಾದದ್ದು ಹಾಕಿದ್ರೆ ಜಾಗ ಸಿಗುತ್ತೆ ಅಂತ ಒಬ್ಬರು ಹೇಳಿದರು.

---

ಅಂಗಾಲು

ಹೌದು, 2ಇ. ಯುಕೆ 9ರಲ್ಲೇ 5 ಮಿ.ಮೀ. ಆಚೆ ಬಂದ್ರೆ 8ರಲ್ಲಿ ಇನ್ನೂ ಚೂರು ಹೆಚ್ಚೇ ಬರುತ್ತೆ, ಆದ್ದರಿಂದ ಬರೀ ಬೆರಳ ಜಾಗ ಅಗಲ ಇರೋ ಟೋಪೋ ಥರದ್ದನ್ನ ಪಟ್ಟಿಯ ಕೊನೆಗೆ ಹಾಕಿ. ಮೊದಲು ಸ್ಪೀಡ್‌ಗೋಟ್ 2ಇ ಯುಕೆ 8 ಮತ್ತು 8.5 ಎರಡನ್ನೂ ಒಟ್ಟಿಗೆ ಹಾಕಿ ನೋಡಿ, ಒಂದು ಕಾಲಿಗೆ ಒಂದು. ಆಮೇಲೆ ಹೈಯೆರೋ 2ಇ.

ತೆಳು ಇನ್‌ಸೋಲ್‌ನಿಂದ ಎತ್ತರದ ಜಾಗ ಸಿಗುತ್ತೆ, ಪಾದ 2–3 ಮಿ.ಮೀ. ಕೆಳಗೆ ಕೂರುತ್ತೆ. ಅಗಲದ ಜಾಗ ಸಿಗೋದು ತೀರಾ ಕಡಿಮೆ, ತಳದ ಅಗಲ ಅಷ್ಟೇ ಇರುತ್ತಲ್ಲ. ಲೇಸ್ ಕೆಳಗೆ ಒತ್ತಡ ಇರೋರಿಗೆ ಅದು ಉಪಾಯ. ನಿಮಗೆ ಹಿಮ್ಮಡಿಯೂ ಕೆಳಗಿಳಿದು ಇನ್ನಷ್ಟು ಸಡಿಲ ಆಗುತ್ತೆ, ಬೇಡ.

---

ಗಿರಿಸಾಲು

2ಇ ಸಿಕ್ಕಿದ ಮೇಲೆ ತಳ ಅಳೆಯೋದನ್ನ ಮರೀಬೇಡಿ. ಕೆಲವು ಮಾದರಿಗಳಲ್ಲಿ ವೈಡ್ ಅಂದ್ರೆ ಮೇಲಿನ ಬಟ್ಟೆ ಮಾತ್ರ ಸಡಿಲ, ಸೋಲ್ ಅಚ್ಚು ಡಿಯದ್ದೇ ಇರುತ್ತೆ. ಅಂಗಡಿಯಲ್ಲಿ ಎರಡೂ ಅಗಲ ಇದ್ರೆ ಅಡಿ ಮೇಲು ಮಾಡಿ ಪಕ್ಕಪಕ್ಕ ಇಟ್ಟು ಹೋಲಿಸಿ. ಹಾಗೇ ತಯಾರಾದ ತಿಂಗಳು, ವರ್ಷವನ್ನ ನಾಲಿಗೆ ಲೇಬಲ್‌ನಲ್ಲಿ ನೋಡಿ. ಭಾರೀ ರಿಯಾಯಿತಿಯಲ್ಲಿ ಬರೋ ಅಗಲ ಸೈಜ್‌ಗಳು ಎಷ್ಟೋ ಸಲ ಗೋಡೌನ್‌ನಲ್ಲಿ ವರ್ಷಗಟ್ಟಲೆ ಕೂತಿದ್ದು, ಅಂಟು ಒಣಗಿರುತ್ತೆ. ಮುಂಭಾಗದಲ್ಲಿ ಸೋಲ್‌ಗೂ ಬಟ್ಟೆಗೂ ನಡುವೆ ಉಗುರು ಹಾಕಿ ಎಬ್ಬಿಸಿ ನೋಡಿ, ಚೂರೇ ಚೂರು ಬಿಟ್ಟುಕೊಂಡರೂ ತಗೋಬೇಡಿ.